ನಂಬರ್ ಮಾತ್ರ ಎರಡು ಸಲ ಬರೆಸಿಕೊಂಡರು

ದೂರಶಿಕ್ಷಣದಲ್ಲಿ ಓದುವಾಗ ನನ್ನದೊಂದು ಅಸೈನ್‌ಮೆಂಟ್ ತಪ್ಪಿಹೋಯಿತು. ಬರೆದಿರಲಿಲ್ಲ ಅಂತಲ್ಲ. ಬರೆದು, ಪಿನ್ ಹೊಡೆದು, ರಿಜಿಸ್ಟರ್ ನಂಬರ್ ಹಾಕಿ ಇಟ್ಟಿದ್ದೆ. ಆದರೆ ಕೊನೆಯ ದಿನಾಂಕವನ್ನು ಒಂದು ವಾರ ಮುಂಚೆಯೇ ಮಾಡಿಬಿಟ್ಟಿದ್ದರು. ಆ ಸೂಚನೆ ವೆಬ್‌ಸೈಟಿನ ಯಾವುದೋ ಮೂಲೆಯ ಪಿಡಿಎಫ್‌ನಲ್ಲಿತ್ತು. ಅಡ್ಮಿಷನ್ ಹೊತ್ತಿಗೆ ನನ್ನ ಮೊಬೈಲ್ ನಂಬರನ್ನು ಎರಡು ಸಲ ಬರೆಸಿಕೊಂಡಿದ್ದರು. ಅದಕ್ಕೆ ಬಂದದ್ದು ಒಂದೇ ಮೆಸೇಜ್. ಫೀಸ್ ಕಟ್ಟಿ ಅಂತ!

ಅದಕ್ಕೇ ಮೊಬೈಲ್ ಮೂಲಕ ದೂರಶಿಕ್ಷಣ ಅಂದಾಗ ಎಲ್ಲರೂ ಆ್ಯಪ್, ವಿಡಿಯೋ ಅಂತ ಶುರು ಮಾಡಿದರೆ ನನಗೆ ಸ್ವಲ್ಪ ಕಿರಿಕಿರಿ. ಮನೆಯಲ್ಲಿ ಕೂತು ಓದುವವರಿಗೆ ಪಾಠಕ್ಕೇನೂ ಬರವಿಲ್ಲ, ಪುಸ್ತಕದ ಕಟ್ಟು ಬಂದಿರುತ್ತದೆ. ಇಲ್ಲದಿರುವುದು ಪಕ್ಕದ ಬೆಂಚಿನವರು. "ನಾಳೆ ಲಾಸ್ಟ್ ಡೇಟ್ ಕಣೋ" ಅನ್ನುವವರು.

ಇಂಗ್ಲೆಂಡಿನ ಐಸಾಕ್ ಪಿಟ್ಮನ್ 1840ರಲ್ಲಿ ಅಂಚೆಯ ಮೂಲಕ ಶಾರ್ಟ್‌ಹ್ಯಾಂಡ್ ಕಲಿಸಲು ಶುರು ಮಾಡಿದಾಗ, ಕಲಿಯುವವರು ಬರೆದು ಕಳಿಸಿದ್ದನ್ನು ತಿದ್ದಿ ವಾಪಸ್ ಕಳಿಸುತ್ತಿದ್ದ. ಆ ವಾಪಸ್ ಬರುವುದೇ ಮುಖ್ಯ ಅಲ್ವಾ? ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯ 2002ರಲ್ಲಿ ತನ್ನ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಎಸ್‌ಎಂಎಸ್ ಕಳಿಸಲು ತೊಡಗಿತು. ಅವರಲ್ಲಿ ಬಹಳ ಮಂದಿ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಶಿಕ್ಷಕರು. ಇಂಟರ್ನೆಟ್ ಇಲ್ಲ, ಮೊಬೈಲ್ ಇದೆ. ಪುಸ್ತಕ ಅಂಚೆಯಲ್ಲೇ ಹೋಗುತ್ತಿತ್ತು, ನೆನಪಿಸುವ ಕೆಲಸ ಮಾತ್ರ ಫೋನಿಗೆ.

ಎಸ್‌ಎಂಎಸ್‌ನಲ್ಲೂ ನಮಗೊಂದು ತೊಡಕಿದೆ. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡದಲ್ಲಿ 70. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ವಿದ್ಯಾರ್ಥಿ" ನಮ್ಮ ಕಣ್ಣಿಗೆ ಮೂರೇ ಅಕ್ಷರ, ಫೋನಿನ ಲೆಕ್ಕದಲ್ಲಿ 10! ಹಾಗಾಗಿ "ಆತ್ಮೀಯ ವಿದ್ಯಾರ್ಥಿಗಳೇ, ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ" ಅನ್ನುವಷ್ಟರಲ್ಲೇ ಮೆಸೇಜಿನ ಮುಕ್ಕಾಲು ಭಾಗ ಮುಗಿದುಹೋಗುತ್ತದೆ. "ಅಸೈನ್‌ಮೆಂಟ್ 2: ಕೊನೆ ದಿನ 14" ಅಂದರೆ ಸಾಕಪ್ಪ.

ಪಾಠ ಕಳಿಸಲೇಬೇಕಾ? ಧ್ವನಿ ಕಳಿಸಿ. ಮಾತಿಗೆ ಸೆಕೆಂಡಿಗೆ 16 ಕಿಲೋಬಿಟ್ ಸಾಕು, ಹತ್ತು ನಿಮಿಷಕ್ಕೆ ಸುಮಾರು 1.2 ಎಂಬಿ. ಅಷ್ಟೇ ಹೊತ್ತಿನ ವಿಡಿಯೋ ಇದರ ಹತ್ತಾರು ಪಟ್ಟು ಜಾಸ್ತಿ ಡೇಟಾ ನುಂಗುತ್ತದೆ. ಧ್ವನಿಯಾದರೆ ಬಸ್ಸಿನಲ್ಲಿ ನಿಂತುಕೊಂಡೂ ಕೇಳಬಹುದು.

ವಾಟ್ಸಾಪ್ ಗ್ರೂಪ್ ಮಾಡಿ ಕೈಬಿಡುವುದಂತೂ ಸುಮ್ನೆ ದಂಡ. ಎರಡೇ ವಾರದಲ್ಲಿ ಅದು ಗುಡ್ ಮಾರ್ನಿಂಗ್ ಹೂವಿನ ತೋಟವಾಗುತ್ತದೆ. ಉತ್ತರ ಕೊಡುವವರು ಒಬ್ಬರಾದರೂ ಬೇಕು, ದಿನಕ್ಕೆ ಅರ್ಧ ಗಂಟೆಯಾದರೂ ಸರಿ.

ಈಗ ಅಂಥದ್ದೊಂದು ಸಣ್ಣ ಗ್ರೂಪಿನಲ್ಲಿ ಉತ್ತರ ಕೊಡುವವನಾಗಿ ನಾನೂ ಇದ್ದೇನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಒಬ್ಬರ ವಾಯ್ಸ್ ಮೆಸೇಜ್ ಬಂತು. ಮಗು ಮಲಗಿದೆ ಅಂತ ಪಿಸುದನಿ. "ಸರ್, ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಕೊನೆಯಲ್ಲಿ ವರ್ಗಮೂಲ ಯಾಕೆ ತೆಗೀಬೇಕು?" ನಾನೂ ಯಾಕೋ ಪಿಸುದನಿಯಲ್ಲೇ ಹೇಳಿದೆ: "ಅಂಕಗಳಿಗೂ ಸರಾಸರಿಗೂ ಇರೋ ವ್ಯತ್ಯಾಸವನ್ನ ನಾವೇ ವರ್ಗ ಮಾಡಿದ್ವಲ್ಲಮ್ಮಾ, ಮತ್ತೆ ಅಂಕಕ್ಕೆ ವಾಪಸ್ ಬರಬೇಕಲ್ವಾ, ಅದಕ್ಕೆ." ಐದು ನಿಮಿಷ ಬಿಟ್ಟು ನೋಟ್‌ಬುಕ್ಕಿನ ಫೋಟೋ ಬಂತು. ಲೆಕ್ಕ ಪೂರ್ತಿ ಮಾಡಿದ್ದರು. ಮೂರನೇ ಸಾಲಿನಲ್ಲಿ ಒಂದು ಮೈನಸ್ ತಪ್ಪಿತ್ತು. ಅದಕ್ಕೊಂದು ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದೆ.