ಕೊಂದವಳು ಪಾದ್ರಿಯ ತಂಗಿ

ಕೊಂದವಳು ಪಾದ್ರಿಯ ತಂಗಿ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುನ್ನೂರು ಪುಟ ಕಷ್ಟಪಟ್ಟು ಬಚ್ಚಿಟ್ಟಿದ್ದ ಗುಟ್ಟು ಕಳೆದ ಭಾನುವಾರ ಇಡೀ ಜಾತ್ರೆಗೆ ಗೊತ್ತಾಗಿಹೋಯಿತು. ಬಯಲು ಮಾಡಿದವರು ತಲೆಗೆ ಪ್ಲಾಸ್ಟಿಕ್ ಕೊಂಬಿನ ಟೊಪ್ಪಿ ಹಾಕಿಕೊಂಡಿದ್ದ ಒಬ್ಬ ಅಜ್ಜ. ಸಿಟ್ಟು ಇನ್ನೂ ಇಳಿದಿಲ್ಲ. ಪುಸ್ತಕ ಓದದವರು ದಯವಿಟ್ಟು ಅವರನ್ನು ಬೈಯಿರಿ, ನನ್ನನ್ನಲ್ಲ.

ನಾನಿರುವುದು ಮಿನ್ನೆಸೋಟಾದಲ್ಲಿ. ಇಲ್ಲಿ ಚಳಿಗಾಲ ಒಮ್ಮೆ ಬಂದು ಕೂತರೆ ಏಳುವ ಮಾತೇ ಇಲ್ಲ. ಹೊರಗೆ ಕಾಲಿಡಲಾಗದ ಹೆಂಗಸರು ಸ್ವೆಟರ್ ಹೆಣೆಯುತ್ತಾರೆ. ನನಗೆ ಹೆಣಿಗೆ ಬರುವುದಿಲ್ಲ, ಅದಕ್ಕೇ ಇಂಗ್ಲಿಷಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಬರೆದೆ. ಒಂದು ಸಣ್ಣ ಊರು, ಪಕ್ಕದಲ್ಲಿ ಕೆರೆ, ಲೂಥರನ್ ಚರ್ಚು, ಚರ್ಚಿನ ನೆಲಮಾಳಿಗೆಯಲ್ಲಿ ಲೂಟಫಿಸ್ಕ್ ಊಟ, ಊಟದ ನಡುವೆ ಒಂದು ಹೆಣ. ಲೂಟಫಿಸ್ಕ್ ಅಂದರೆ ನಾರ್ವೆ, ಸ್ವೀಡನ್ ಕಡೆಯವರ ಅಡುಗೆ, ಒಣಗಿಸಿದ ಕಾಡ್ ಮೀನಿನದ್ದು. ಅದನ್ನು ಮೊದಲು ನೀರಲ್ಲಿ ನೆನೆಸುತ್ತಾರೆ. ಆಮೇಲೆ ಕ್ಷಾರದ ನೀರಲ್ಲಿ ದಿನಗಟ್ಟಲೆ ಮುಳುಗಿಸಿಡುತ್ತಾರೆ. ಆ ಕ್ಷಾರ ಹೋಗಲಿ ಅಂತ ಮತ್ತೆ ದಿನಗಟ್ಟಲೆ ನೀರು ಬದಲಾಯಿಸುತ್ತಾರೆ. ಕೊನೆಗೆ ಬೇಯಿಸಿದರೆ ಅದು ತಟ್ಟೆಯಲ್ಲಿ ನಡುಗುತ್ತದೆ. ಸಾಗರದ ಕಡೆಯ ಹವ್ಯಕರ ಮನೆಯಲ್ಲಿ ಹುಟ್ಟಿದ ನಾನು ಅದನ್ನು ತಿಂದವಳಲ್ಲ. ಆದರೆ ಎರಡು ಅಧ್ಯಾಯಕ್ಕೆ ಆಗುವಷ್ಟು ವಾಸನೆ ಕುಡಿದಿದ್ದೇನೆ. ಕೊಲೆಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ.

ಪುಸ್ತಕ ಬಂದ ಮೇಲೆ ಪ್ರಕಾಶಕರು ಹೇಳಿದ್ದು: ನಿಮ್ಮ ಓದುಗರು ಅಂಗಡಿಯಲ್ಲಿ ಸಿಗಲ್ಲ, ಜಾತ್ರೆಯಲ್ಲಿ ಸಿಗುತ್ತಾರೆ. ಇಲ್ಲಿ ನೆಲೆಸಿದ ನಾರ್ವೆ, ಸ್ವೀಡನ್ ಮೂಲದವರ ಜಾತ್ರೆಗಳಿಗೇನೂ ಬರ ಇಲ್ಲ. ಮೇ 17ಕ್ಕೆ ನಾರ್ವೆಯ ಸಂವಿಧಾನದ ದಿನ. ವಿಸ್ಕಾನ್ಸಿನ್‌ನ ಸ್ಟೌಟನ್ ಊರಲ್ಲಿ ಆ ಹೊತ್ತಿಗೆ ಹಬ್ಬ. ಜುಲೈ ಕೊನೆಗೆ ಅಯೋವಾದ ಡೆಕೋರಾ, ಅಲ್ಲಿ 1967ರಿಂದ ನಡೆಯುತ್ತಿದೆ. ಸೆಪ್ಟೆಂಬರ್ ಕೊನೆಗೆ ನಾರ್ತ್ ಡಕೋಟಾದ ಮೈನಾಟ್. ಅಕ್ಟೋಬರಿನಲ್ಲಿ ಕ್ಯಾನ್ಸಸ್‌ನ ಲಿಂಡ್ಸ್‌ಬೋರ್ಗ್, ಅದು ಸ್ವೀಡನ್ನಿನವರದ್ದು, ಎರಡು ವರ್ಷಕ್ಕೊಮ್ಮೆ. ಇವುಗಳ ನಡುವೆ ಸಣ್ಣಪುಟ್ಟ ಊರುಗಳವು ಎಷ್ಟೋ. ಬಾಡಿಗೆ ಕಟ್ಟಿದರೆ ಒಂದು ಮೇಜು ಕೊಡುತ್ತಾರೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು, "ಅಷ್ಟೆಲ್ಲಾ ಓದ್ಸಿದ್ದು ಜಾತ್ರೇಲಿ ಅಂಗಡಿ ಇಡೋಕೇನೇ?"

1825ರಲ್ಲಿ ನಾರ್ವೆಯ ಸ್ಟಾವಂಗರ್ ಬಂದರಿನಿಂದ ಒಂದು ಪುಟ್ಟ ಹಡಗಿನಲ್ಲಿ 52 ಜನ ಅಮೆರಿಕಕ್ಕೆ ಹೊರಟರು. ಮುಂದಿನ ನೂರು ವರ್ಷದಲ್ಲಿ ಅದೊಂದೇ ದೇಶದಿಂದ ಎಂಟು ಲಕ್ಷಕ್ಕೂ ಜಾಸ್ತಿ ಜನ ಅವರ ಹಿಂದೆಯೇ ಬಂದರು. ಸಮುದ್ರ ದಾಟಿದರು, ಕಾಡು ಕಡಿದರು, ಹಿಮದಲ್ಲಿ ಹೊಲ ಮಾಡಿದರು. ಆ ಧೀರರ ಮರಿಮಕ್ಕಳು ಇವತ್ತು ನನ್ನ ಮೇಜಿನ ಮುಂದೆ ಬಂದು ನಿಂತು, ಕಣ್ಣಲ್ಲಿ ಕಣ್ಣಿಟ್ಟು ಕೇಳುವ ಪ್ರಶ್ನೆ ಒಂದೇ: "ಟಾಯ್ಲೆಟ್ ಎಲ್ಲಿ?"

ಮೇಜಿನ ಹಿಂದೆ ಕೂತ ಲೇಖಕಿಗೆ ಇದೆಲ್ಲ ಗೊತ್ತಿರಲೇಬೇಕು ಅಂತ ಅವರ ನಂಬಿಕೆ. ಕೊನೆಗೆ ಒಂದು ಬೋರ್ಡ್ ಬರೆಸಿದೆ. ಟಾಯ್ಲೆಟ್ ಎಡಕ್ಕೆ, ಪುಸ್ತಕ ಇಲ್ಲಿ. ಜನ ನಿಂತು ಬೋರ್ಡ್ ಓದಿದರು. ಥ್ಯಾಂಕ್ಸ್ ಹೇಳಿದರು. ಎಡಕ್ಕೆ ಹೋದರು.

ಮೇಜಿನ ಮೇಲೆ ಚಾಕೊಲೇಟ್ ಬಟ್ಟಲು ಇಡಿ, ಜನ ನಿಲ್ಲುತ್ತಾರೆ ಅಂತ ಯಾರೋ ಹೇಳಿದ್ದರು. ನಿಲ್ಲುತ್ತಾರೆ, ನಿಜ. ಚಾಕೊಲೇಟ್ ಕರಗುವ ತನಕ. ಆಮೇಲೆ "ಒಂದು ಸುತ್ತು ಹಾಕ್ಕೊಂಡು ಬರ್ತೀನಿ" ಅಂತ ಹೋಗುತ್ತಾರೆ. ಮಿನ್ನೆಸೋಟಾದವರು ಬಾಯಿಬಿಟ್ಟು ಬೇಡ ಅನ್ನುವವರಲ್ಲ. ಬೇಡ ಅನ್ನುವ ಬದಲು ಆಮೇಲೆ ಇಡೀ ದಿನ ನನ್ನ ಮೇಜಿನ ಹತ್ತಿರ ಬಂದಾಗಲೆಲ್ಲ ಕುತ್ತಿಗೆ ತಿರುಗಿಸಿಕೊಂಡು ಹೋಗುತ್ತಾರೆ. ಸಂಜೆಗೆ ಅವರ ಕುತ್ತಿಗೆ ನೋವಿಗೆ ನಾನೇ ಕಾರಣ ಅನ್ನಿಸಿ ಬೇಜಾರಾಗುತ್ತದೆ.

ಇನ್ನು ಕೆಲವರು ಪುಸ್ತಕ ಕೈಗೆತ್ತಿಕೊಂಡು, ಮುಖಪುಟ ನೋಡಿ, ನನ್ನ ನೋಡಿ, ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಇಣುಕಿ, "ಲೇಖಕರು ಊಟಕ್ಕೆ ಹೋಗಿದ್ದಾರಾ?" ಅನ್ನುತ್ತಾರೆ. ನಾನೇ ಅಂದರೆ ನಗುತ್ತಾರೆ. ಹಿಂಬದಿಯಲ್ಲಿ ಫೋಟೋ ಇದೆ, ಸೀರೆ ಉಟ್ಟ ಫೋಟೋ. ಅದನ್ನು ತೋರಿಸಿದರೆ ಇಮಿಗ್ರೇಷನ್ ಆಫೀಸಿನವರ ಥರ ಒಂದು ಸಲ ಫೋಟೋ, ಒಂದು ಸಲ ನನ್ನ ಮುಖ. "ಓಹ್, ನೀವು ನಮ್ಮ ಬಗ್ಗೆ ಬರೆದಿದ್ದೀರಾ!" ಅನ್ನುವಾಗ ಅದರಲ್ಲಿ ಮೆಚ್ಚುಗೆ ಎಷ್ಟು, ಗಾಬರಿ ಎಷ್ಟು ಅಂತ ಬಿಡಿಸುವುದು ಕಷ್ಟ.

ಪಕ್ಕದ ಅಂಗಡಿಯ ಅಜ್ಜಿಯಂತೂ ಒಂದು ಬನ್ನು ಮುರಿದು ನನ್ನ ಮೂಗಿಗೆ ಹಿಡಿದು, "ಇದು ನಮ್ಮ ಮಸಾಲೆ, ನೀನು ಹಿಂದೆ ನೋಡಿರಲಿಕ್ಕಿಲ್ಲ" ಅಂದರು. ಏಲಕ್ಕಿ! ನನ್ನ ಅಜ್ಜನ ತೋಟದಲ್ಲಿ ಅಡಿಕೆ ಮರದ ನೆರಳಿಗೆ ಬೆಳೆಯುತ್ತಿದ್ದ ಏಲಕ್ಕಿ. ಸ್ವೀಡನ್, ನಾರ್ವೆಯವರ ಎಷ್ಟೋ ಸಿಹಿ ರೊಟ್ಟಿಗಳಲ್ಲಿ ಅದು ಇರುತ್ತದೆ. ಅಲ್ಲಿ ಒಂದು ಗಿಡವೂ ಬೆಳೆಯುವುದಿಲ್ಲ. ಹಾವೇರಿಯಲ್ಲಿ ಅದರ ಹಾರವನ್ನೇ ಮಾಡಿ ಸನ್ಮಾನದಲ್ಲಿ ಕೊರಳಿಗೆ ಹಾಕುತ್ತಾರೆ ಅಂದೆ. ಅಜ್ಜಿ ನಂಬಲಿಲ್ಲ. ಸುಮ್ನೆ ಬನ್ನು ತಿಂದೆ. ಚೆನ್ನಾಗಿತ್ತು.

ಇಷ್ಟಾಗಿಯೂ ಯಾರಾದರೂ ಪುಸ್ತಕ ಕೊಂಡರೆ ಸಹಿ ಹಾಕಬೇಕು, ಅದು ಇನ್ನೊಂದು ಪರೀಕ್ಷೆ. ಕ್ರಿಸ್ಟಿನ್, ಕ್ರಿಸ್ಟೀನ್, ಕ್ರಿಸ್ಟನ್, ಕಿರ್ಸ್ಟನ್. ಶುರು ಕೆ ಇಂದಲೋ ಸಿ ಎಚ್ ಇಂದಲೋ? ಕೊನೆಗೆ ಇ ಇದೆಯೋ ಇಲ್ಲವೋ? "ಶೆರ್ಸ್ಟಿ" ಅನ್ನುವವಳ ಹೆಸರು ಕೆ, ಜೆ ಇಂದ ಶುರುವಾಗುತ್ತದೆ. ಓಲ್ಸನ್ ಆದರೆ ಕೊನೆಯ ಎನ್‌ಗೆ ಮುಂಚೆ ಓ ಬಂದರೆ ಸಾಮಾನ್ಯವಾಗಿ ಸ್ವೀಡನ್ನಿನ ಕಡೆ, ಇ ಬಂದರೆ ನಾರ್ವೆ ಕಡೆ. ಅದಲುಬದಲು ಮಾಡಿದರೆ ಮೂರು ತಲೆಮಾರಿನ ಜಗಳ ಎದ್ದು ನಿಲ್ಲುತ್ತದೆ. ಹಿಂದೆ ಅಕಾರ್ಡಿಯನ್ ಸದ್ದು ಬೇರೆ. ಹಾಗಾಗಿ ಚೀಟಿಯಲ್ಲಿ ಬರೆದುಕೊಡಿ ಅನ್ನುತ್ತೇನೆ. ಇಷ್ಟೆಲ್ಲ ಕಾಗುಣಿತ ಕಲಿಸುವ ಇವರು ನನ್ನ ಹೆಸರನ್ನು ಮಾತ್ರ ಒಂದೇ ಉಸಿರಿಗೆ ಮುರಿದು ಮೂಲೆಗೆ ಹಾಕುತ್ತಾರೆ.

ಒಬ್ಬರು ಹೆಸರೇ ಬೇಡ ಅಂದರು. "ಅಮ್ಮನಿಗೆ ಕ್ರಿಸ್‌ಮಸ್ ಉಡುಗೊರೆ. ತೊಂಬತ್ತಾರಾಯ್ತು. ಅಲ್ಲೀತನಕ ಇರ್ತಾರೋ ಇಲ್ವೋ. ಇಲ್ಲದಿದ್ರೆ ಅತ್ತೆಗೆ ಕೊಡಬಹುದು, ಅದಕ್ಕೆ." ಯೋಚನೆ ಅಂದರೆ ಇದು. ನನ್ನ ಕಾದಂಬರಿಯ ಕೊಲೆಗಾರರಿಗೂ ಇಷ್ಟು ಮುಂದಾಲೋಚನೆ ಇಲ್ಲ.

ಈಗ ಕೊಂಬಿನಜ್ಜ.

ನನ್ನ ಬಲಗಡೆ ಲೆಫ್ಸೆ ಅಂಗಡಿ. ಆಲೂಗಡ್ಡೆ ಬೇಯಿಸಿ ಹಿಸುಕಿ, ಮೈದಾ ಸೇರಿಸಿ, ಗೀರು ಗೀರಿನ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ದೊಡ್ಡ ಕಾವಲಿಯ ಮೇಲೆ ಉದ್ದನೆಯ ಕೋಲಿನಿಂದ ತಿರುವಿ ಹಾಕುತ್ತಾರೆ. ಮೇಲೆ ಧಾರಾಳವಾಗಿ ಬೆಣ್ಣೆ, ಸಕ್ಕರೆ, ಆಮೇಲೆ ಸುರುಳಿ. ಶುಕ್ರವಾರ ಮಧ್ಯಾಹ್ನ ಅಂಥ ಒಂದು ಸುರುಳಿ ಹಿಡಿದುಕೊಂಡು ಈ ಅಜ್ಜ ಬಂದರು. ಹಿಂದಿನ ಕಾಲದ ನಾರ್ವೆ, ಸ್ವೀಡನ್ ಕಡೆಯ ಕಡಲಯೋಧರಾದ ವೈಕಿಂಗರು ಕೊಂಬಿನ ಟೊಪ್ಪಿ ಹಾಕುತ್ತಿದ್ದರು ಅನ್ನುವುದಕ್ಕೆ ಆಧಾರವೇ ಇಲ್ಲ. 1876ರಲ್ಲಿ ಜರ್ಮನಿಯ ಒಂದು ಒಪೆರಾಕ್ಕೆ ವೇಷ ಬಿಡಿಸಿದವರು ಕೊಂಬು ಅಂಟಿಸಿದರು, ಅಲ್ಲಿಂದ ಅದು ಜಗತ್ತಿಗೇ ಅಂಟಿಕೊಂಡಿತು. ಅಜ್ಜನಿಗೆ ಇದನ್ನು ಹೇಳಿದೆ. "ಗೊತ್ತು. ಆದ್ರೆ ಬಿಸಿಲಿಗೆ ಒಳ್ಳೇದು" ಅಂದರು.

ಅಂದವರು ಪುಸ್ತಕ ಎತ್ತಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಕೃತಜ್ಞತೆಗಳನ್ನೂ ಬಿಡಲಿಲ್ಲ. ಬೆರಳು ನೆಕ್ಕುವುದು, ಪುಟ ತಿರುಗಿಸುವುದು, ಲೆಫ್ಸೆ ಕಚ್ಚುವುದು, ಮತ್ತೆ ಬೆರಳು ನೆಕ್ಕುವುದು. ಮೊದಮೊದಲು ನನಗೆ ಖುಷಿಯೇ. ನಗಬೇಕಾದ ಜಾಗದಲ್ಲಿ ನಕ್ಕರು. ಇದ್ದರೆ ಇಂಥ ಓದುಗರಿರಬೇಕು ಅಂದುಕೊಂಡೆ. ಎರಡನೇ ಅಧ್ಯಾಯ ಮುಗಿಯಿತು. ನಾನು ಕೆಮ್ಮಿದೆ. ಮೂರನೆಯದು ಶುರುವಾಯಿತು. "ಹೇಗಿದೆ?" ಅಂದೆ. "ಇಷ್ಟು ಬೇಗ ಹೇಗೆ ಹೇಳೋದು?" ಅಂದರು. ಅಷ್ಟರಲ್ಲಿ ವೇದಿಕೆಯಲ್ಲಿ ಪಿಟೀಲು ಶುರುವಾಯಿತು. ಅಜ್ಜ ಪುಟದ ಮೂಲೆ ಮಡಚಿ, ಪುಸ್ತಕವನ್ನು ರಾಶಿಯ ತೀರಾ ಅಡಿಗೆ ತೂರಿಸಿದರು. "ಯಾರಾದ್ರೂ ತಗೊಂಡು ಹೋಗಿಬಿಟ್ರೆ ಕಷ್ಟ."

ಶನಿವಾರ ಬರುವಾಗ ಮಡಚುವ ಕುರ್ಚಿ ತಂದಿದ್ದರು. ನನ್ನ ಮೇಜಿನ ಹಿಂದೆ, ನನ್ನ ಕೊಡೆಯ ನೆರಳಿನಲ್ಲಿ, ನನ್ನ ಪಕ್ಕದಲ್ಲೇ ಬಿಡಿಸಿಕೊಂಡು ಕೂತರು. ರಾಶಿಯ ಅಡಿಯಿಂದ ತಮ್ಮ ಪ್ರತಿ ಎಳೆದುಕೊಂಡರು. ಹೆಂಡತಿಯನ್ನು ಕಾಫಿಗೆ ಕಳಿಸಿದರು. ನಾನು ಗಿರಾಕಿಗಳ ಹತ್ತಿರ ಮಾತಾಡುವಾಗ ಎರಡು ಸಲ ತಲೆ ಎತ್ತಿ ನೋಡಿದರು, ಲೈಬ್ರರಿಯಲ್ಲಿ ಗಲಾಟೆ ಮಾಡುವವರನ್ನು ನೋಡುವ ಹಾಗೆ. ಆರನೇ ಅಧ್ಯಾಯದಲ್ಲಿ ಮೊದಲ ತಕರಾರು ಬಂತು. ನನ್ನ ಪಾತ್ರ ಲೆಫ್ಸೆಗೆ ಕಂದು ಸಕ್ಕರೆ ಹಾಕುತ್ತಾಳೆ. "ಬಿಳಿ ಸಕ್ಕರೆ ಹಾಕೋದು. ಕಂದು ಸಕ್ಕರೆ ಹಾಕೋರು ಒಳ್ಳೆ ಜನ ಅಲ್ಲ." ಅವಳು ಒಳ್ಳೆಯವಳಲ್ಲ ಅಂತ ನಾನೂ ಒಪ್ಪಿದೆ. ಅಜ್ಜ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. ಆಗಲೇ ಅನುಮಾನ ಬಂದಿರಬೇಕು.

ಭಾನುವಾರ ಮಧ್ಯಾಹ್ನ ಜನ ಜಾಸ್ತಿ. ನನ್ನ ಮುಂದೆ ಅಪರೂಪಕ್ಕೆ ಒಂದು ಸಾಲು ಬೇರೆ. ಆಗ ಪಕ್ಕದಿಂದ ಪುಸ್ತಕ ಪಟ್ಟನೆ ಮುಚ್ಚಿದ ಸದ್ದು. "ಪಾದ್ರಿಯ ತಂಗಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಪಾದ್ರಿಯ ತಂಗೀನೇ! ನೆನ್ನೇನೇ ಅಂದ್ಕೊಂಡೆ. ಕಂದು ಸಕ್ಕರೆ!"

ನಾನು ಕೈ ಆಡಿಸಿದೆ, ಬಾಯಿಗೆ ಬೆರಳಿಟ್ಟೆ. ಅಜ್ಜ ಎದ್ದು ನಿಂತರು. ಕ್ಷಾರದ ಡಬ್ಬ ಎಲ್ಲಿತ್ತು, ಅವಳು ಯಾವಾಗ ಅಡುಗೆಮನೆಗೆ ಹೋದಳು, ಪಿಯಾನೋ ನುಡಿಸುವವನು ಯಾಕೆ ಸುಳ್ಳು ಹೇಳಿದ, ಎಲ್ಲವನ್ನೂ ಕೈ ಬೀಸಿ ಕೊಂಬು ಅಲ್ಲಾಡಿಸಿ ವಿವರಿಸಿದರು. ಹೇಳಲು ಹೊಟ್ಟೆಕಿಚ್ಚಾಗುತ್ತದೆ, ನಾನು ಬರೆದಿದ್ದಕ್ಕಿಂತ ಚೆನ್ನಾಗಿಯೇ ಹೇಳಿದರು. ಸುತ್ತ ಗುಂಪು ಕಟ್ಟಿತು. ಕಥೆ ಮುಗಿದ ಮೇಲೆ, ನಂಬುತ್ತೀರೋ ಇಲ್ಲವೋ, ಜನ ಪುಸ್ತಕ ಕೊಂಡರು. ಅಷ್ಟೊತ್ತೂ ಕೊಳ್ಳದವರು! ಕೊಂದವರು ಯಾರು ಅಂತ ಗೊತ್ತಾದ ಮೇಲೆ ದುಡ್ಡು ಹಾಳಾಗುವುದಿಲ್ಲ ಅನ್ನುವ ಧೈರ್ಯ ಬಂತೋ ಏನೋ.

ನಾರ್ವೆಯ ಸಾಂಪ್ರದಾಯಿಕ ಉಡುಗೆಯಾದ ಬುನಾದ್, ಅದೂ ಕೆಂಪಿನದ್ದು, ಉಟ್ಟು, ಎದೆಗೆ ಬೆಳ್ಳಿಯ ಪದಕಗಳನ್ನು ಸಿಕ್ಕಿಸಿಕೊಂಡಿದ್ದ ಒಬ್ಬಾಕೆ ದುಡ್ಡನ್ನು ನನ್ನ ಕೈಗೆ ಕೊಟ್ಟರು. ಪುಸ್ತಕವನ್ನು ಮಾತ್ರ ನನ್ನನ್ನು ದಾಟಿಸಿ ಅಜ್ಜನ ಮುಂದೆ ಹಿಡಿದರು. "ನಿಮ್ಮ ಸಹಿ ಬೇಕಿತ್ತು."

ಅಜ್ಜ ನನ್ನ ಕಡೆ ನೋಡಿದರು. ನಾನು ಅಜ್ಜನ ಕಡೆ ನೋಡಿದೆ. ಹಿಂದೆ ಇನ್ನೂ ಆರೇಳು ಜನ ದುಡ್ಡು ಹಿಡಿದು ನಿಂತಿದ್ದರು.

ಪೆನ್ನು ಕೊಟ್ಟೆ.

ಅಜ್ಜ ಬಹಳ ಗಂಭೀರವಾಗಿ ಹೆಸರು ಕೇಳಿದರು. ಅವರಿಗೆ ಚೀಟಿ ಬೇಕಾಗಲಿಲ್ಲ, ಕೆ ಇಂದಲೋ ಸಿ ಇಂದಲೋ ಅಂತ ಕೇಳಿಸಿಕೊಂಡೇ ತಿಳಿಯಿತು. ಸಹಿಯ ಕೆಳಗೆ ಎರಡು ಪುಟ್ಟ ಕೊಂಬುಗಳನ್ನೂ ಬಿಡಿಸಿದರು. ಅದನ್ನು ನೋಡಿ ಮುಂದಿನವರು ನಮಗೂ ಕೊಂಬು ಬೇಕು ಅಂದರು. ನಾನು ಚಿಲ್ಲರೆ ಎಣಿಸಿಕೊಡುತ್ತಾ ಕೂತೆ.

ಹೊರಡುವಾಗ ಬೆಣ್ಣೆ ಅಂಟಿದ ಪ್ರತಿಯನ್ನು ನೀಟಾಗಿ ರಾಶಿಯ ಮೇಲಿಟ್ಟರು. "ಇದನ್ನ ತಗೊಳಲ್ವಾ?" ಅಂದೆ. "ಓದಿ ಆಯ್ತಲ್ಲ!" ಅಂತ ಅವರಿಗೇ ಆಶ್ಚರ್ಯ. ಎರಡು ಹೆಜ್ಜೆ ಹೋಗಿ ತಿರುಗಿದರು. "ಮುಂದಿನದ್ರಲ್ಲಿ ಅಕ್ಷರ ಸ್ವಲ್ಪ ದಪ್ಪ ಇರಲಿ. ನಿಂತು ಓದೋರಿಗೆ ಕಷ್ಟ."

ಅಂಗಡಿ ಎತ್ತುವ ಹೊತ್ತಿಗೆ ಏಲಕ್ಕಿ ಬನ್ನಿನ ಅಜ್ಜಿ ಬಂದು ಆ ಖಾಲಿ ಜಾಗದಲ್ಲಿ ಕೂತರು. ಅಯೋವಾದವರು. ನಿಮಗೆ ನಾರ್ವೇಜಿಯನ್ ಬರುತ್ತಾ ಅಂತ ಕೇಳಿದೆ. ಕಣ್ಣು ಮುಚ್ಚಿ "ಇ ಯೇಸು ನಾವ್ನ್" ಅಂತ ಶುರುಮಾಡಿ ಊಟದ ಪ್ರಾರ್ಥನೆಯನ್ನು ಒಂದೇ ಓಟದಲ್ಲಿ ಹೇಳಿದರು. ಅಷ್ಟೇ ಉಳಿದಿರುವುದು. 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಅಯೋವಾದ ಗವರ್ನರ್ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದ್ದರು. ಶಾಲೆ, ಚರ್ಚು, ರೈಲು, ಫೋನು, ಎಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು. ಅಜ್ಜಿಯ ತಾಯಿ ಆಗ ಸಣ್ಣ ಹುಡುಗಿ. ಆಮೇಲೆ ಆ ಮನೆಯಲ್ಲಿ ಭಾಷೆ ಊಟದ ಮೇಜಿಗಿಂತ ಆಚೆ ಬರಲೇ ಇಲ್ಲವಂತೆ.

ನಮ್ಮ ಮನೆಗೆ ಯಾವ ಗವರ್ನರೂ ಆಜ್ಞೆ ಕಳಿಸಿಲ್ಲ. ಆದರೂ ಮಗಳ ಕನ್ನಡ "ಬೇಡ", "ಸಾಕು", "ಆಮೇಲೆ" ಅನ್ನುವಲ್ಲಿಗೆ ಬಂದು ನಿಂತಿದೆ. ಇನ್ನು ನೂರು ವರ್ಷಕ್ಕೆ ಇದೇ ಮೈದಾನದಲ್ಲಿ ಕನ್ನಡದವರ ಜಾತ್ರೆ ಆಗಬಹುದು. ನನ್ನ ಮರಿಮಗನೊಬ್ಬ ಪ್ಲಾಸ್ಟಿಕ್ಕಿನ ಮೈಸೂರು ಪೇಟ ಹಾಕಿಕೊಂಡು, ಕೈಯಲ್ಲಿ ಹೋಳಿಗೆ ಹಿಡಿದು, ಬೆರಳು ನೆಕ್ಕುತ್ತಾ ಯಾರದ್ದೋ ಪುಸ್ತಕವನ್ನು ಪುಕ್ಕಟೆ ಓದುತ್ತಿರಬಹುದು. ಕೊಳ್ಳುವುದಂತೂ ಇಲ್ಲ, ನನಗೆ ನಮ್ಮ ವಂಶ ಗೊತ್ತು.

ಅಜ್ಜಿಯ ಹತ್ತಿರ ರೋಸೆಟ್‌ಗಳು ಉಳಿದಿದ್ದವು, ನನ್ನ ಹತ್ತಿರ ಪುಸ್ತಕಗಳು. ಒಂದು ಡಬ್ಬಕ್ಕೆ ಒಂದು ಪ್ರತಿ ಅಂತ ಬದಲಾಯಿಸಿಕೊಂಡೆವು. ಬೆಣ್ಣೆಯ ಪ್ರತಿಯೇ ಸಾಕು, ಪುಟ ಬೇಗ ತಿರುಗುತ್ತೆ ಅಂದರು.

ಕಾರಿನಲ್ಲಿ ಡಬ್ಬ ತೆರೆದರೆ, ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ತಿಂಡಿ. "ಅರೆ, ಮಂಗಳೂರಿನಲ್ಲಿ ಕ್ರಿಸ್‌ಮಸ್‌ಗೆ ಕೊಡ್ತಾರಲ್ಲ, ಅದೇ ಇದು!" ಅಂತ ಯಜಮಾನರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಶುರುಮಾಡಿದರು. ಅರ್ಧ ಡಬ್ಬ ಖಾಲಿಯಾದ ಮೇಲೆ, "ಇದಕ್ಕೆ ಮೊಟ್ಟೆ ಹಾಕಲ್ಲ ತಾನೇ?" ಅಂದರು.

"ರಸ್ತೆ ನೋಡ್ಕೊಂಡು ಓಡಿಸಿ" ಅಂದೆ.