ಪಟ್ಟಿಯಲ್ಲಿಲ್ಲದ್ದೂ ಪಟ್ಟಿಯಲ್ಲಿದೆ

ಅಮೆರಿಕದ ಕಾಲೇಜು ಕ್ರೀಡೆಯ ದೊಡ್ಡ ಯಜಮಾನ ಎನ್‌ಸಿಎಎ. ಆಟಗಾರರು ಮದ್ದು ತಿಂದಿದ್ದಾರೋ ಇಲ್ಲವೋ ಎಂದು 1986ರಿಂದ ಮೂತ್ರ ಪರೀಕ್ಷೆ ಮಾಡಿಸುತ್ತಿದೆ. ಏನೇನು ತಿನ್ನಬಾರದು ಎಂದು ಪಟ್ಟಿಯನ್ನೂ ಕೊಟ್ಟಿದೆ. ಜೊತೆಗೆ ಒಂದು ಸೂಚನೆ: ಇದು ಪೂರ್ತಿ ಪಟ್ಟಿಯಲ್ಲ. ಪೂರ್ತಿ ಪಟ್ಟಿ ಅಂತ ಒಂದು ಇಲ್ಲವೇ ಇಲ್ಲ.

ನಾನು ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದೆ. ಹೌದು, ಹಾಗೇ ಇದೆ. ಹೆಸರು ಇಲ್ಲದಿದ್ದರೂ ಅದೇ ಕುಲದ ರಾಸಾಯನಿಕವಾದರೆ ಅದಕ್ಕೂ ನಿಷೇಧ. ಅಂದರೆ ಹತ್ತೊಂಬತ್ತರ ಹುಡುಗ ಬೆಳಿಗ್ಗೆ ಓಡಿ, ಮಧ್ಯಾಹ್ನ ಕ್ಲಾಸಿನಲ್ಲಿ ತೂಕಡಿಸಿ, ಸಂಜೆ ಪ್ರೋಟೀನ್ ಪುಡಿಯ ಡಬ್ಬಿ ಹಿಡಿದು ಅದರ ವಂಶಾವಳಿ ಹುಡುಕಬೇಕು. ಡಬ್ಬಿಯ ಮೇಲೆ ಬರೆಯದ್ದು ಒಳಗೆ ಸೇರಿಕೊಂಡಿದ್ದರೆ? ಅದೂ ಅವನ ತಲೆಗೇ. ಶಕ್ತಿ ಹೆಚ್ಚಿಸುವ ಮದ್ದು ಮೊದಲ ಸಲ ಸಿಕ್ಕಿದರೂ ಸಾಮಾನ್ಯವಾಗಿ 365 ದಿನ ಹೊರಗೆ. ಒಂದಿಡೀ ಸೀಸನ್ನಿನ ಅರ್ಹತೆಯೂ ಖೋತಾ.

ಕಾಫಿ ಕುಡಿಯಬಹುದು. ಆದರೆ ಮೂತ್ರದ ಒಂದು ಮಿಲಿಲೀಟರಿನಲ್ಲಿ ಕೆಫೀನ್ 15 ಮೈಕ್ರೋಗ್ರಾಂ ದಾಟಬಾರದು. ಪಾಪ, ಒಂದು ಪರೀಕ್ಷೆಗೆ ಓದಲು ಲೋಟದ ಮೇಲೆ ಲೋಟ ಕುಡಿದವನು ಇನ್ನೊಂದು ಪರೀಕ್ಷೆಯಲ್ಲಿ ಫೇಲಾಗಬಹುದು.

ಆ ಇನ್ನೊಂದು ಪರೀಕ್ಷೆಯೂ ಸುಲಭವಲ್ಲ. ಪಕ್ಕದಲ್ಲೇ ಒಬ್ಬರು ನಿಂತು ನೋಡುತ್ತಿರುತ್ತಾರೆ. ಸಾವಿರಾರು ಜನರ ಮುಂದೆ ಆಡುವವನಿಗೆ ಒಬ್ಬರ ಮುಂದೆ ಬರುವುದಿಲ್ಲ. ನೀರು ಕುಡಿಯಬೇಕು. ಜಾಸ್ತಿ ಕುಡಿದರೆ ಮೂತ್ರ ತೆಳುವಾಯಿತು, ನಡೆಯೋದಿಲ್ಲ, ಮತ್ತೆ ಕಾಯಬೇಕು. ಈ ಒಂದು ಆಟಕ್ಕೆ ಮಾತ್ರ ಕೋಚ್ ಇಲ್ಲ.

ಗಾಂಜಾ ಕಥೆ ಬೇರೆ. ಹಿಂದೆ ಮೊದಲ ಸಲ ಸಿಕ್ಕಿಬಿದ್ದರೆ ಅರ್ಧ ಸೀಸನ್ ಹೋಗುತ್ತಿತ್ತು. 2022ರಲ್ಲಿ ಅದರ ಮಿತಿ ಮೂತ್ರದ ಒಂದು ಮಿಲಿಲೀಟರಿಗೆ 35 ನ್ಯಾನೋಗ್ರಾಂನಿಂದ 150ಕ್ಕೆ ಏರಿತು. 2024ರ ಜೂನ್‌ನಲ್ಲಿ ಸಂಸ್ಥೆಯ ಅತಿ ಮೇಲಿನ ದರ್ಜೆಯಾದ ಡಿವಿಷನ್ ಒನ್ ಅದನ್ನು ಪಟ್ಟಿಯಿಂದಲೇ ತೆಗೆಯಿತು. ಕಾರಣ, ಅದರಿಂದ ಆಟ ಸುಧಾರಿಸುವುದಿಲ್ಲವಂತೆ. ಗಾಂಜಾ ಸೇದಿದವನು ಎದ್ದು ಓಡುವುದಿಲ್ಲ, ಸೋಫಾ ಹುಡುಕುತ್ತಾನೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು! ಅಷ್ಟರಲ್ಲಿ ಅರ್ಧ ಸೀಸನ್ ಕಳೆದುಕೊಂಡವರು? ಅವರು ಸ್ವಲ್ಪ ಬೇಗ ಹುಟ್ಟಿಬಿಟ್ಟರು, ಅಷ್ಟೇ. ಈ ನಡುವೆ 2018ರಲ್ಲಿ ತನ್ನ ಚಾಂಪಿಯನ್‌ಶಿಪ್‌ಗಳಲ್ಲಿ ಪ್ರೇಕ್ಷಕರಿಗೆ ಮದ್ಯ ಮಾರಲು ಸಂಸ್ಥೆ ಒಪ್ಪಿಕೊಂಡಿತು. ನೋಡುವವರ ಅರ್ಹತೆಗೆ ಧಕ್ಕೆ ಇಲ್ಲ ನೋಡಿ.

ಆಟಗಾರರ ಹೊಟ್ಟೆಯ ಮೇಲೆ ಈ ಸಂಸ್ಥೆಗೆ ಮೊದಲಿನಿಂದಲೂ ಕಣ್ಣು. ಒಂದು ಕಾಲದಲ್ಲಿ ಕಾಲೇಜು ತಿಂಡಿಗೆ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ ಕೊಡಬಹುದಿತ್ತು, ಅದರ ಮೇಲೆ ಕ್ರೀಮ್ ಚೀಸ್ ಸವರುವಂತಿರಲಿಲ್ಲ. ಸವರಿದರೆ ಊಟವಾಗಿಬಿಡುತ್ತಿತ್ತು! 2014ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಎಂದು ಹೇಳಿಬಿಟ್ಟ. ಅದೇ ತಿಂಗಳು ಊಟದ ಮಿತಿ ಹೋಯಿತು. ಹಸಿದವನು ಗೆದ್ದ ತಂಡದಲ್ಲಿದ್ದದ್ದು ಒಳ್ಳೆಯದಾಯಿತು ಅನ್ನಿ. ಸೋತವನ ಹೊಟ್ಟೆ ಗುರ್ ಎಂದರೆ ಮೈಕ್ ಹಿಡಿಯುವವರು ಯಾರು?

2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಮಾಡಬಹುದು. ಹಾಗಾಗಿ ನಮ್ಮ ಹತ್ತೊಂಬತ್ತರ ಹುಡುಗ ಈಗ ಪ್ರೋಟೀನ್ ಡಬ್ಬಿ ಹಿಡಿದು ಹಲ್ಲು ಕಿರಿಯುತ್ತಾ ಜಾಹೀರಾತಿಗೆ ನಿಲ್ಲಬಹುದು. ಫೋಟೋ ಮುಗಿದ ಮೇಲೆ ಮುಚ್ಚಳ ತೆಗೆದು ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಮಾತ್ರ, ಅದು ಅವನ ಸ್ವಂತ ಜವಾಬ್ದಾರಿ.