ಕ್ಸೈಲಿಟಾಲ್: ಹರಿದಾಡುತ್ತಿರುವ ಸಂದೇಶಕ್ಕೊಂದು ಸ್ಪಷ್ಟನೆ

"ಕ್ಸೈಲಿಟಾಲ್‌ನಲ್ಲಿ ಕ್ಯಾಲೊರಿಯೇ ಇಲ್ಲ, ಗಿಡಮರಗಳಿಂದ ಬರುವುದರಿಂದ ಎಷ್ಟು ತಿಂದರೂ ಯಾರಿಗೂ ಅಪಾಯವಿಲ್ಲ" ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಕ್ಸೈಲಿಟಾಲ್ ಎಂದರೆ ಸಕ್ಕರೆಯ ಬದಲು ಬಳಸುವ ಒಂದು ಸಿಹಿ ಪದಾರ್ಥ. ಇದರಲ್ಲಿ ತಪ್ಪೇ ಹೆಚ್ಚು.

ಒಂದು ಗ್ರಾಂ ಕ್ಸೈಲಿಟಾಲ್‌ನಲ್ಲಿ ಸುಮಾರು 2.4 ಕ್ಯಾಲೊರಿ ಇದೆ, ಸಕ್ಕರೆಯಲ್ಲಿ 4. ಕಡಿಮೆ ನಿಜ, ಸೊನ್ನೆಯಲ್ಲ. ರಕ್ತದ ಸಕ್ಕರೆಯನ್ನು ಅದು ಅಷ್ಟಾಗಿ ಏರಿಸುವುದಿಲ್ಲ ಎಂಬುದೂ ನಿಜ. ಆದರೆ ಅದನ್ನು ಬೆರೆಸಿದ ಬಿಸ್ಕತ್ತಿನಲ್ಲಿರುವ ಹಿಟ್ಟು ಏರಿಸಿಯೇ ಏರಿಸುತ್ತದೆ. ಮಧುಮೇಹಿಗಳು ಇದನ್ನು ಮರೆಯಬಾರದು. ಹುಳುಕು ಹಲ್ಲಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಇದರಿಂದ ಆಮ್ಲ ತಯಾರಿಸಲಾರವು. ಚೂಯಿಂಗ್ ಗಮ್, ಟೂತ್‌ಪೇಸ್ಟ್‌ಗಳಲ್ಲಿ ಇದನ್ನು ಬಳಸುವುದು ಅದಕ್ಕಾಗಿಯೇ.

ಸಣ್ಣ ಕರುಳು ಇದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ಕರುಳಿನೊಳಗೆ ನೀರನ್ನು ಸೆಳೆಯುತ್ತದೆ, ದೊಡ್ಡ ಕರುಳಿನಲ್ಲಿ ಹುದುಗಿ ವಾಯುವಾಗುತ್ತದೆ. ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ಆಗುವುದು ಹೀಗೆ. ರಕ್ತದಲ್ಲಿ ಕ್ಸೈಲಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳೂ ಹೆಚ್ಚು ಕಂಡುಬಂದವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಅದು ತೋರಿಸಿದ್ದು ನಂಟನ್ನು. ಕಾರಣ ಇದೇ ಎಂದು ಸಾಬೀತಾಗಿಲ್ಲ. ಹಾಗೆಂದು "ಎಷ್ಟು ತಿಂದರೂ" ಎನ್ನಲು ಧೈರ್ಯ ಬಾರದು.

ನನ್ನನ್ನು ಬಹಳ ಕಳವಳಗೊಳಿಸಿದ್ದು "ಯಾರಿಗೂ ಅಪಾಯವಿಲ್ಲ" ಎಂಬ ಮಾತು. ನಾಯಿಗಳಿಗೆ ಕ್ಸೈಲಿಟಾಲ್ ವಿಷ. ಅವುಗಳ ದೇಹದಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕಿ ರಕ್ತದ ಸಕ್ಕರೆ ಕುಸಿಯುತ್ತದೆ. ಪ್ರಮಾಣ ಹೆಚ್ಚಾದರೆ ಯಕೃತ್ತೂ ಹಾಳಾಗುತ್ತದೆ. ಕೆಲವು ಚೂಯಿಂಗ್ ಗಮ್ ತುಂಡುಗಳೇ ಪುಟ್ಟ ನಾಯಿಯ ಪ್ರಾಣಕ್ಕೆ ಎರವಾಗಬಹುದು. ನಾಯಿ ತಿಂದಿದೆಯೆಂಬ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯದೆ, ಪೊಟ್ಟಣವನ್ನೂ ಹಿಡಿದುಕೊಂಡು ಕೂಡಲೇ ಪಶುವೈದ್ಯರ ಬಳಿಗೆ ಓಡಿ.